ಪದ ಪರಿಚಯ: ಗ್ರೇ ಝೋನ್

ಯುದ್ಧ ಅನ್ನುವ ಹಾಗಿಲ್ಲ, ಶಾಂತಿ ಅನ್ನಲು ಬಾಯಿ ಬರುವುದಿಲ್ಲ. ಇವೆರಡರ ನಡುವೆ ನಡೆಯುವ ಬೆದರಿಕೆ, ಅಡ್ಡಗಟ್ಟುವಿಕೆ, ತಳ್ಳಾಟಗಳಿಗೆ ರಕ್ಷಣಾ ತಜ್ಞರು ಇಟ್ಟ ಹೆಸರು ‘ಗ್ರೇ ಝೋನ್’. ದಕ್ಷಿಣ ಚೀನಾ ಸಮುದ್ರದ ಸುದ್ದಿಗಳಲ್ಲಿ ಇದು ಪದೇ ಪದೇ ಕಾಣಿಸುತ್ತದೆ.

ಫಿಲಿಪ್ಪೀನ್ಸ್‌ನ ಪಲಾವಾನ್ ದ್ವೀಪದಿಂದ ಸುಮಾರು 200 ಕಿ.ಮೀ. ದೂರದಲ್ಲಿ ಸೆಕೆಂಡ್ ಥಾಮಸ್ ಶೋಲ್ ಎಂಬ ಹವಳದ ದಿಬ್ಬವಿದೆ. ಎರಡನೇ ಮಹಾಯುದ್ಧದ ಕಾಲದ ‘ಸಿಯೆರಾ ಮಾದ್ರೆ’ ಹಡಗನ್ನು ಫಿಲಿಪ್ಪೀನ್ಸ್ 1999ರಲ್ಲಿ ಬೇಕೆಂದೇ ಅದರ ಮೇಲೆ ಹತ್ತಿಸಿ ನಿಲ್ಲಿಸಿತು. ಮೈಯೆಲ್ಲ ತುಕ್ಕು ಹಿಡಿದ ಆ ಹಡಗೇ ಈಗ ಸೇನಾ ಠಾಣೆ. ಅಲ್ಲಿರುವ ಬೆರಳೆಣಿಕೆಯ ಸೈನಿಕರಿಗೆ ಊಟ, ನೀರು ಒಯ್ಯುವ ದೋಣಿಗಳನ್ನು, ಈ ದಿಬ್ಬ ತನ್ನದೆನ್ನುವ ಚೀನಾ ಪದೇ ಪದೇ ಅಡ್ಡಗಟ್ಟಿದೆ. ಮುಂದೆ ನಿಲ್ಲುವುದು ನೌಕಾಪಡೆಯಲ್ಲ. ಬಿಳಿ ಬಣ್ಣದ ಕರಾವಳಿ ಕಾವಲು ಹಡಗುಗಳು, ಜೊತೆಗೆ ಮೀನುಗಾರರ ದೋಣಿಗಳಂತೆ ಕಾಣುವ ಮಿಲಿಶಿಯಾ, ಅಂದರೆ ಸರ್ಕಾರದ ಬೆಂಬಲವಿರುವ ಅರೆಸೇನೆ. ಹೆಚ್ಚಾಗಿ ಬಳಸುವುದು ಜಲಫಿರಂಗಿ. 2024ರ ಮಾರ್ಚ್‌ನಲ್ಲಿ ಅದರ ರಭಸಕ್ಕೆ ದೋಣಿಯೊಂದರ ಗಾಜು ಒಡೆದು ನಾಲ್ವರು ಗಾಯಗೊಂಡರು.

ಗುಂಡು ಯಾಕೆ ಹಾರುವುದಿಲ್ಲ? 1951ರ ಒಪ್ಪಂದದ ಪ್ರಕಾರ, ಫಿಲಿಪ್ಪೀನ್ಸ್ ಮೇಲೆ ‘ಸಶಸ್ತ್ರ ದಾಳಿ’ ನಡೆದರೆ ಅಮೆರಿಕ ನೆರವಿಗೆ ಬರಬೇಕು. ಆ ಗೆರೆ ದಾಟದೆ ಎಷ್ಟು ದೂರ ಹೋಗಬಹುದೋ ಅಷ್ಟು ಹೋಗುವುದೇ ಇಲ್ಲಿನ ಲೆಕ್ಕಾಚಾರ. ಚೀನಾ ಬೇಕೆಂದೇ ಮಾಡಿದ ಕೃತ್ಯದಲ್ಲಿ ತಮ್ಮ ದೇಶದ ಪ್ರಜೆ ಸತ್ತರೆ ಅದು ಯುದ್ಧಕ್ಕೆ ತೀರ ಸಮೀಪ ಎಂದು ಫಿಲಿಪ್ಪೀನ್ಸ್ ಅಧ್ಯಕ್ಷ ಮಾರ್ಕೋಸ್ 2024ರ ಮೇ 31ರಂದು ಸಿಂಗಪುರದಲ್ಲಿ ಹೇಳಿದರು. ಜೂನ್ 17ರಂದು ಚೀನಾದವರು ಚಾಕು, ಕೊಡಲಿ ಹಿಡಿದು ಬಂದು ರಬ್ಬರ್ ದೋಣಿಗಳನ್ನು ಹರಿದರು. ಆ ಗಲಾಟೆಯಲ್ಲಿ ಫಿಲಿಪ್ಪೀನ್ಸ್ ನೌಕಾಪಡೆಯ ಒಬ್ಬ ಹೆಬ್ಬೆರಳು ಕಳೆದುಕೊಂಡ. ಯಾರೂ ಸಾಯಲಿಲ್ಲ, ಅಮೆರಿಕದ ಒಪ್ಪಂದವೂ ಜಾರಿಗೆ ಬರಲಿಲ್ಲ.

ಇದನ್ನು ಬಡಪಾಯಿಗಳ ತಂತ್ರ ಎಂದುಕೊಂಡರೆ ತಪ್ಪಾಗುತ್ತದೆ. ಹಡಗುಗಳ ಸಂಖ್ಯೆಯಲ್ಲಿ ಜಗತ್ತಿನ ಅತಿ ದೊಡ್ಡ ನೌಕಾಪಡೆ ಬೆನ್ನಿಗಿರುವುದರಿಂದಲೇ ಜಲಫಿರಂಗಿಗೆ ಅಷ್ಟು ಧೈರ್ಯ. ಈ ಸಮುದ್ರದ ವಿವಾದದಲ್ಲಿ 2016ರಲ್ಲಿ ಹೇಗ್‌ನ ನ್ಯಾಯಮಂಡಳಿ ಫಿಲಿಪ್ಪೀನ್ಸ್ ಪರ ತೀರ್ಪು ಕೊಟ್ಟಾಗಲೂ ಚೀನಾ ಸೊಪ್ಪು ಹಾಕಲಿಲ್ಲ.

ಫಿಲಿಪ್ಪೀನ್ಸ್ ಭಾರತದಿಂದ ಬ್ರಹ್ಮೋಸ್ ಕ್ಷಿಪಣಿ ಕೊಂಡಿದೆ. ಮೊದಲ ಕಂತು 2024ರ ಏಪ್ರಿಲ್‌ನಲ್ಲಿ ತಲುಪಿತು. ಆದರೆ ನೀರು ಚಿಮ್ಮಿಸಿದವರ ಮೇಲೆ ಕ್ಷಿಪಣಿ ಬಿಟ್ಟರೆ ಯುದ್ಧ ಶುರು ಮಾಡಿದ ಅಪವಾದ ಫಿಲಿಪ್ಪೀನ್ಸ್ ತಲೆಗೇ ಬರುತ್ತದೆ. ಹಾಗಾಗಿ ಅದು ಕೈಗೆತ್ತಿಕೊಂಡಿರುವುದು ಕ್ಯಾಮೆರಾ. ಪತ್ರಕರ್ತರನ್ನು ಹಡಗಿನಲ್ಲಿ ಕರೆದೊಯ್ದು ಎಲ್ಲವನ್ನೂ ಚಿತ್ರೀಕರಿಸಿ ತೋರಿಸುತ್ತದೆ. ಇದರಿಂದ ಚೀನಾ ಹಿಂದೆ ಸರಿದಿಲ್ಲ, ಆದರೆ ‘ಏನೂ ನಡೆದೇ ಇಲ್ಲ’ ಎನ್ನುವುದು ಕಷ್ಟವಾಗಿದೆ.

2024ರ ಜುಲೈನಲ್ಲಿ ಸಾಮಗ್ರಿ ಸಾಗಣೆಗೆ ತಾತ್ಕಾಲಿಕ ಒಪ್ಪಂದವಾಯಿತು. ಮೊದಲೇ ತಿಳಿಸಿ, ತಪಾಸಣೆಗೆ ಒಪ್ಪಬೇಕು ಎಂದು ಚೀನಾ. ಅಂಥ ಷರತ್ತೇ ಇಲ್ಲ ಎಂದು ಫಿಲಿಪ್ಪೀನ್ಸ್.