ಕಾದಂಬರಿಗಿಂತ ಮೊದಲೇ ಟಿವಿ ಬಂದ ಊರು

ಇಂಗ್ಲಿಷ್ ಪೀರಿಯಡ್‌ನಲ್ಲಿ ಸಿನಿಮಾ ತೋರಿಸಿದರೆ ಮಕ್ಕಳು ಓದುವುದನ್ನೇ ಬಿಡುತ್ತಾರೆ ಎನ್ನುವವರು ಕಲಬುರಗಿಯಲ್ಲೂ ಇದ್ದಾರೆ. ಈ ದೂರು ಹಳೆಯದು. 1933ರಲ್ಲೇ ಇಂಗ್ಲೆಂಡಿನ ಸಾಹಿತ್ಯ ವಿಮರ್ಶಕ ಎಫ್.ಆರ್. ಲೀವಿಸ್ ಮತ್ತು ಶಾಲಾ ಶಿಕ್ಷಕ ಡೆನಿಸ್ ಥಾಮ್ಸನ್ ಶಾಲೆಗಳಿಗೆಂದು ಪುಸ್ತಕ ಬರೆದು, ಸಿನಿಮಾ, ಜಾಹೀರಾತಿನ ಸೆಳೆತಕ್ಕೆ ಸಿಗದ ಹಾಗೆ ಮಕ್ಕಳನ್ನು ತಯಾರು ಮಾಡಬೇಕು ಎಂದಿದ್ದರು. ತಮಾಷೆ ನೋಡಿ, ಸಿನಿಮಾವನ್ನು ಬೆಳೆಸುವ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದೂ ಅದೇ ವರ್ಷ. 1964ರಲ್ಲಿ ಅಲ್ಲಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಮತ್ತು ಅದೇ ಸಂಸ್ಥೆಯ ಪ್ಯಾಡಿ ವ್ಯಾನೆಲ್ ವಾದವನ್ನೇ ತಿರುಗಿಸಿದರು. ಸಿನಿಮಾದಲ್ಲೂ ಒಳ್ಳೆಯದು, ಕಳಪೆ ಇರುತ್ತದೆ, ಅದನ್ನು ಗುರುತಿಸಲು ಕಲಿಸಿ ಎಂದರು. ಈಗ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇಂಗ್ಲಿಷ್ ಪಠ್ಯಪಟ್ಟಿಯಲ್ಲೇ ಕಾದಂಬರಿಗಳ ಜೊತೆ ಸಿನಿಮಾಗಳಿವೆ.

ನಮ್ಮ ಕಡೆ ಕಥೆ ಬೇರೆ. ನಿಜಾಮರ ಕಾಲದಲ್ಲಿ ಉರ್ದುವಿನದೇ ಮೇಲುಗೈ. ಕನ್ನಡಕ್ಕೇ ಜಾಗ ಕಷ್ಟ, ಇನ್ನು ಇಂಗ್ಲಿಷ್ ಕಾದಂಬರಿ ಎಲ್ಲಿಂದ ಬರಬೇಕು? ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಬಂದದ್ದೇ 2007ರಲ್ಲಿ.

ಟಿವಿ ಮಾತ್ರ ಬೇಗ ಬಂತು. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ 'ಸೈಟ್' ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಸಿತು. ನಾಸಾದ ಉಪಗ್ರಹದಿಂದ 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ. ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯಲ್ಲೇ ಇತ್ತು. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ 3 ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯದ ಮಾತು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನವೇ ಬಂತು. ಬೆಂಗಳೂರು 1981ರವರೆಗೆ ಕಾಯಬೇಕಾಯಿತು! 'ಹಿಂದುಳಿದ ಭಾಗ' ಎನ್ನುವವರಿಗೆ ಇದನ್ನು ಒಮ್ಮೆ ಹೇಳಬೇಕು.

ಹಾಗಾಗಿ ಇಲ್ಲಿ ಸಿನಿಮಾ ಬಂದು ಕಾದಂಬರಿಯನ್ನು ಓಡಿಸಿತು ಎನ್ನಲು ಆಗುವುದಿಲ್ಲ. ಸ್ಟೇಟ್ ಸಿಲಬಸ್‌ನ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪುಸ್ತಕ ತೆರೆಯಿರಿ: ಗದ್ಯ, ಪದ್ಯ, ಸಪ್ಲಿಮೆಂಟರಿ ರೀಡಿಂಗ್. ಇಡೀ ಕಾದಂಬರಿ ಇಲ್ಲ. ಪಾಠ ಮುಗಿದ ಮೇಲೆ ಹುಡುಗರ ಕೈಗೆ ಬರುವುದು ಗೈಡು.

ನನ್ನ ಪ್ರಕಾರ ಸುಮ್ನೆ ಸಿನಿಮಾ ಹಾಕಿ ಟೀಚರ್ ಹಾಜರಿ ಬರೆಯುತ್ತಾ ಕೂತರೆ ಉಪಯೋಗವಿಲ್ಲ. ಒಂದು ದೃಶ್ಯ ನಿಲ್ಲಿಸಿ, ಸೌಂಡ್ ತೆಗೆದು ಮತ್ತೆ ಹಾಕಿ, ಈಗ ಏನು ಬದಲಾಯಿತು ಎಂದು ಕೇಳಿದರೆ ಹಿಂದಿನ ಬೆಂಚಿನವನೂ ಬಾಯಿ ಬಿಡುತ್ತಾನೆ. ಆಮೇಲೆ ಅದೇ ಸನ್ನಿವೇಶದ ಎರಡು ಪುಟ ಓದಿಸಬೇಕು. ಪಾತ್ರದ ಮನಸ್ಸಿನೊಳಗೆ ನಡೆಯುವುದನ್ನು ಕ್ಯಾಮೆರಾ ಎಷ್ಟು ಬಿಟ್ಟಿದೆ ಎಂದು ಆಗ ಅವರಿಗೇ ಗೊತ್ತಾಗುತ್ತದೆ. ಇದಕ್ಕೆ ಎರಡು ಪೀರಿಯಡ್ ಬೇಕು, ಪರೀಕ್ಷೆಯಲ್ಲಿ ಒಂದು ಮಾರ್ಕೂ ಇಲ್ಲ. ಪೋರ್ಷನ್ ಮುಗಿಸುವ ಅವಸರದಲ್ಲಿರುವ ಟೀಚರ್ ಇದನ್ನು ಯಾಕೆ ಮಾಡಬೇಕು, ಹೇಳಿ?