ನಾಲ್ಕು ವರ್ಷ ಬಿಟ್ಟ ಮೇಲೆ ಯುಎಕ್ಸ್ ಡಿಸೈನ್‌ಗೆ ವಾಪಸ್ ಬರಬಹುದಾ?

"ನಾಲ್ಕು ವರ್ಷದ ಹಿಂದೆ ಯುಎಕ್ಸ್ (ಆಪ್, ವೆಬ್‌ಸೈಟ್ ಬಳಸೋದು ಸುಲಭವಾಗುವಂತೆ ರೂಪಿಸುವ) ಕೆಲಸ ಬಿಟ್ಟೆ. ಮತ್ತೆ ಬರೋಣ ಅನಿಸ್ತಿದೆ. ಆದರೆ ಟೂಲ್‌ಗಳೆಲ್ಲ ಬದಲಾಗಿವೆಯಂತೆ. ನನ್ನ ಕಾಲ ಮುಗಿಯಿತಾ?"

ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಬರಬೇಕಾ ಬೇಡವಾ ಅನ್ನೋದಕ್ಕೆ ಉತ್ತರ ಚಿಕ್ಕದು. ನಿಮಗೆ ಸಾಕಾಗಿದ್ದು ಕೆಲಸವೋ, ಆ ಆಫೀಸೋ? ಆಫೀಸಾದರೆ ಬನ್ನಿ. ಬಳಸುವವರ ಪಕ್ಕ ಕೂತು ನೋಡೋದೇ ಬೇಜಾರು ಅನ್ನೋದಾದರೆ ಬೇಡ.

ಇನ್ನು ಆ ಟೂಲ್ ಭೂತ. 2010ರಲ್ಲಿ ಸ್ಕ್ರೀನ್ ಬಿಡಿಸುವ ಸ್ಕೆಚ್ ಅನ್ನೋ ಸಾಫ್ಟ್‌ವೇರ್ ಬಂದಾಗ ಫೋಟೋಶಾಪ್ ನಂಬಿದ್ದವರು ಹೆದರಿದರು. 2016ರಲ್ಲಿ ಅಂಥದ್ದೇ ಇನ್ನೊಂದು ಟೂಲ್ ಫಿಗ್ಮಾ ಎಲ್ಲರ ಕೈಗೆ ಸಿಕ್ಕಿತು, ಹೆದರುವ ಸರದಿ ಸ್ಕೆಚ್‌ನವರದು. ಡಿಸೈನ್ ಮಾದರಿ ತೋರಿಸಲು ಬಳಸುತ್ತಿದ್ದ ಇನ್‌ವಿಷನ್ 2024ರ ಕೊನೆಗೆ ಬಾಗಿಲನ್ನೇ ಹಾಕಿತು. ಅದನ್ನು ಅರೆದು ಕುಡಿದಿದ್ದವರು ಡಿಸೈನ್ ಮರೆತುಬಿಟ್ಟರಾ? ಇಲ್ವಲ್ಲ.

ಒಂದು ಫಾರ್ಮ್ ನೆನಪಿಸಿಕೊಳ್ಳಿ. ಹದಿನೈದು ಖಾನೆ ತುಂಬಿ ಬಟನ್ ಒತ್ತಿದಿರಿ. ಮೇಲೆ ಕೆಂಪಕ್ಷರದಲ್ಲಿ 'ಮಾಹಿತಿ ಸರಿಯಿಲ್ಲ'. ಯಾವ ಖಾನೆಯಲ್ಲಿ? ಹೇಳಲ್ಲ. ಕೆಳಗೆ ನೋಡಿದರೆ ತುಂಬಿದ್ದೆಲ್ಲ ಮಾಯ. ತಪ್ಪೇನು, ಸರಿಮಾಡೋದು ಹೇಗೆ ಅಂತ ಸರಳವಾಗಿ ಹೇಳಬೇಕು ಅನ್ನೋದು ಈ ಕ್ಷೇತ್ರದ ಹಳೇ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲೇ ಇದೆ. ದೂರದ, ಚಿಕ್ಕ ಗುರಿ ಮುಟ್ಟಲು ಜಾಸ್ತಿ ಹೊತ್ತು ಬೇಕು ಅನ್ನೋ ಫಿಟ್ಸ್ ನಿಯಮ 1954ರದ್ದು. ಟೂಲ್ ಬದಲಾದರೂ ಇವು ಬದಲಾಗಿಲ್ಲ. ಇಂಥ ಕೆಟ್ಟ ಫಾರ್ಮನ್ನೂ ಎಐ ನಿಮಿಷದಲ್ಲಿ ಚೆಂದವಾಗಿ ಬಿಡಿಸಿಕೊಡುತ್ತೆ. ಒಬ್ಬರ ಹೆಬ್ಬೆರಳು ಆ ಬಟನ್ ಮೇಲೆ ಯಾಕೆ ತಡವರಿಸಿತು ಅಂತ ಕೂತು ನೋಡಬೇಕಾದವರು ನೀವೇ.

ಕಲಿಯೋದು ಇಲ್ಲವೇ ಇಲ್ಲ ಅಂತಲ್ಲ. ಫಿಗ್ಮಾದ ಆಟೋ ಲೇಔಟ್ (ಒಳಗಿನದಕ್ಕೆ ತಕ್ಕಂತೆ ಅಳತೆ ತಾನೇ ಹೊಂದಿಕೊಳ್ಳೋದು), ವೇರಿಯಬಲ್ಸ್ (ಬಣ್ಣ, ಅಳತೆಗಳನ್ನು ಒಂದೇ ಕಡೆ ಇಟ್ಟು ಎಲ್ಲ ಕಡೆ ಬಳಸೋದು) ಕೈಗೆ ಹತ್ತಬೇಕು. ಅಂಗವೈಕಲ್ಯ ಇರುವವರೂ ವೆಬ್ ಬಳಸುವಂತಾಗಲು ಇರುವ ಮಾರ್ಗಸೂಚಿ, 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಓದಿಕೊಳ್ಳಿ. ಒತ್ತುವ ಜಾಗ ಸಾಮಾನ್ಯವಾಗಿ 24x24 ಪಿಕ್ಸೆಲ್ ಆದರೂ ಇರಬೇಕು ಅನ್ನೋದು ಅದರಲ್ಲೇ ಸೇರಿದ್ದು. ಕೂತು ಕಲಿತರೆ ಕೆಲವು ವಾರದ ಮಾತು. ನಿಜವಾದ ತೊಂದರೆ ಬೇರೆ. 2022ರ ಕೊನೆಯಿಂದ ದೊಡ್ಡ ಟೆಕ್ ಕಂಪನಿಗಳು ಸಾಲು ಸಾಲಾಗಿ ಜನರನ್ನು ತೆಗೆದವು, ಪೈಪೋಟಿ ಜಾಸ್ತಿ ಆಗಿದೆ. ಕೈಯಲ್ಲಿ ಕೆಲವು ತಿಂಗಳ ಖರ್ಚಿಗೆ ದುಡ್ಡು ಇಟ್ಟುಕೊಂಡೇ ಹುಡುಕಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಹಳೇ ಪೋರ್ಟ್‌ಫೋಲಿಯೋ ಎಸೆಯಬೇಡಿ. ಒಂದು ಪ್ರಾಜೆಕ್ಟ್ ಆರಿಸಿಕೊಂಡು, ಇವತ್ತಾಗಿದ್ದರೆ ಯಾವ ಸ್ಕ್ರೀನ್ ಬದಲಾಯಿಸುತ್ತಿದ್ದೆ, ಯಾಕೆ ಅಂತ ಕೆಳಗೆ ಬರೆಯಿರಿ. ಎರಡು ಪುಟ ಸಾಕು. ಆ ಪರ್ಸೋನಾ ಪುಟ (ಕಲ್ಪನೆಯ ಬಳಕೆದಾರರ ಪರಿಚಯ) ಮಾತ್ರ ಕಿತ್ತುಹಾಕಿ, ನಗುತ್ತಿರುವ ಫೋಟೋ ಸಮೇತ.