ದುಃಖದ ಹಾಡು ಮನಸ್ಸಿಗೆ ಹಿತ ಕೊಡುವುದು ಯಾಕೆ?

ಬೇಸರದಲ್ಲಿದ್ದಾಗ ಕುಣಿಸುವ ಹಾಡು ಕೇಳಿದರೆ ಕಿರಿಕಿರಿಯಾಗುತ್ತದೆ, ಶೋಕದ ಹಾಡು ಕೇಳಿದರೆ ಎದೆ ಹಗುರಾಗುತ್ತದೆ. ದುಃಖವನ್ನು ಯಾರೂ ಬಯಸುವುದಿಲ್ಲ ಎನ್ನುವುದಾದರೆ ಹೀಗಾಗಬಾರದಿತ್ತು. ಮನಶ್ಶಾಸ್ತ್ರ ಓದುವವರಿಗೂ ಕಾವ್ಯಮೀಮಾಂಸೆ (ಕಾವ್ಯದ ಸವಿಯನ್ನು ಚರ್ಚಿಸುವ ಶಾಸ್ತ್ರ) ಓದುವವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಎರಡೂ ಕಡೆಯ ಉತ್ತರಗಳನ್ನು ಒಟ್ಟಿಗಿಟ್ಟುಕೊಂಡು ಓದಿದರೆ ಹೆಚ್ಚು ತಿಳಿಯುತ್ತದೆ ಅನ್ನಿಸಿ ಈ ಟಿಪ್ಪಣಿ ಬರೆದಿದ್ದೇನೆ.

ಒಂದು ಹಾಡು ದುಃಖದ್ದು ಎಂದು ನಮಗೆ ಗೊತ್ತಾಗುವುದು ಹೇಗೆ? ನೊಂದವರ ಮಾತು ನಿಧಾನವಾಗಿರುತ್ತದೆ, ದನಿ ತಗ್ಗಿರುತ್ತದೆ, ಏರಿಳಿತ ಕಡಿಮೆ. ಶೋಕದ ಸಂಗೀತದಲ್ಲೂ ಬಹುಮಟ್ಟಿಗೆ ಇವೇ ಲಕ್ಷಣಗಳು. ಆದರೆ ಬರೀ ಸ್ವರಗಳ ಪಟ್ಟಿ ನೋಡಿ ಭಾವ ಹೇಳಲು ಹೋಗಬೇಡಿ. ಕರ್ನಾಟಕ ಸಂಗೀತದ ಮುಖಾರಿ ಮತ್ತು ಭೈರವಿ ರಾಗಗಳನ್ನೇ ನೋಡಿ. ಅವರೋಹಣದಲ್ಲಿ, ಅಂದರೆ ಸ್ವರಗಳು ಇಳಿಯುವಾಗ, ಎರಡಕ್ಕೂ ಇರುವುದು ಸ ನಿ ದ ಪ ಮ ಗ ರಿ ಸ; ಅದೇ ಕೈಶಿಕಿ ನಿಷಾದ, ಅದೇ ಶುದ್ಧ ಧೈವತ, ಅದೇ ಸಾಧಾರಣ ಗಾಂಧಾರ. ಆದರೂ ಶೋಕಕ್ಕೆ ಹೆಸರಾದದ್ದು ಮುಖಾರಿ. ಭೈರವಿ ಎಂದರೆ ಗಾಂಭೀರ್ಯ, ಭಕ್ತಿ. ಆರೋಹಣದ (ಸ್ವರಗಳು ಏರುವಾಗಿನ) ನಡೆ, ಗಮಕ (ಸ್ವರವನ್ನು ಆಡಿಸುವ ರೀತಿ), ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದು ಇಲ್ಲಿ ಕೆಲಸ ಮಾಡುತ್ತದೆ. ಅದೇ ಮುಖಾರಿಯಲ್ಲಿ ತ್ಯಾಗರಾಜರು ಶಬರಿಯ ಭಾಗ್ಯವನ್ನು ಕೊಂಡಾಡಿದ್ದೂ ಉಂಟು.

ಮುಂದಿನ ಹೆಜ್ಜೆ ಮುಖ್ಯವಾದದ್ದು. ಹಾಡಿನಲ್ಲಿ ದುಃಖವಿದೆ ಎಂದು ಗುರುತಿಸುವುದು ಬೇರೆ, ಆ ದುಃಖ ನನಗಾಗುವುದು ಬೇರೆ. 2013ರಲ್ಲಿ ಜಪಾನಿನ ಕವಾಕಾಮಿ ಮತ್ತು ಸಂಗಡಿಗರು 44 ಜನರಿಗೆ ಶೋಕದ ಸಂಗೀತ ಕೇಳಿಸಿ ಎರಡನ್ನೂ ಬೇರೆಬೇರೆಯಾಗಿ ಕೇಳಿದರು. ಸಂಗೀತದಲ್ಲಿ ಕೇಳುಗರು ಗುರುತಿಸಿದ ದುಃಖಕ್ಕಿಂತ ಅವರಿಗೆ ಆದ ದುಃಖ ಕಡಿಮೆ. ಜೊತೆಗೆ ಒಂದು ಬಗೆಯ ಮಧುರ ಭಾವವೂ ಇತ್ತು. ಮರುವರ್ಷ ತಾರೂಫಿ ಮತ್ತು ಕೋಲ್ಶ್ 772 ಜನರನ್ನು ಸಮೀಕ್ಷೆ ಮಾಡಿದಾಗ ಅತಿ ಹೆಚ್ಚು ಜನ ಹೆಸರಿಸಿದ ಭಾವ ದುಃಖವಲ್ಲ, ಕಳೆದ ದಿನಗಳ ಹಂಬಲ. ಹಾಡಿನ ದುಃಖಕ್ಕೆ ನಿಜ ಬದುಕಿನ ಪರಿಣಾಮ ಇಲ್ಲವೆಂಬುದೂ ಅವರು ಗುರುತಿಸಿದ ಲಾಭಗಳಲ್ಲಿ ಒಂದು.

ನಮ್ಮ ಮದುವೆಗಳಲ್ಲಿ ಹೆಣ್ಣೊಪ್ಪಿಸುವ ಹಾಡು ಹಾಡುವಾಗ ಸುಮ್ಮನೆ ಸುತ್ತ ನೋಡಿ. ಮದುಮಗಳ ತಾಯಿ ಅಳುವುದು ಸರಿ. ಗಂಡಿನ ಕಡೆಯಿಂದ ಬಂದು, ಹುಡುಗಿಯ ಹೆಸರೂ ಸರಿಯಾಗಿ ತಿಳಿಯದ ಹೆಂಗಸೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಆಕೆಗೆ ತಾನು ತವರು ಬಿಟ್ಟು ಬಂದ ದಿನ ನೆನಪಾಗಿರುತ್ತದೆ. ಒಂದು ಮನೆಯ ಅಗಲಿಕೆ ಆ ಹೊತ್ತಿಗೆ ಅಲ್ಲಿ ನಿಂತವರೆಲ್ಲರದೂ ಆಗುತ್ತದೆ. ಕಾವ್ಯಮೀಮಾಂಸಕರಲ್ಲಿ ಭಟ್ಟನಾಯಕ ಹೇಳಿ, ಅಭಿನವಗುಪ್ತ ಬೆಳೆಸಿದ ಸಾಧಾರಣೀಕರಣವನ್ನು (ಒಬ್ಬರ ಭಾವ ಎಲ್ಲರದೂ ಆಗುವುದನ್ನು) ಬಾಯಿಪಾಠ ಮಾಡುವ ಬದಲು ಈ ದೃಶ್ಯ ಇಟ್ಟುಕೊಂಡು ಯೋಚಿಸಿದರೆ ಬೇಗ ಅರ್ಥವಾಗುತ್ತದೆ. ಭಾವಕ್ಕೆ ಅಂಟಿದ ‘ನನ್ನದು, ಅವರದು’ ಕಳಚಿದಾಗ ಶೋಕವೂ ಆಸ್ವಾದಕ್ಕೆ ಒದಗುತ್ತದೆ.

ಇದನ್ನು ಎಲ್ಲರೂ ಒಪ್ಪಿದ್ದಾರೆ ಎಂದು ಮಾತ್ರ ಬರೆಯಬೇಡಿ. ಶೋಕ ಆಸ್ವಾದಕ್ಕೆ ಒದಗಿದಾಗ ಅದನ್ನು ಕರುಣರಸ ಎನ್ನುತ್ತಾರೆ. ಕರುಣರಸದಲ್ಲಿ ದುಃಖವೇ ಇದ್ದಿದ್ದರೆ ಯಾರೂ ಅದರ ಕಡೆ ಮುಖ ಮಾಡುತ್ತಿರಲಿಲ್ಲ, ರಾಮಾಯಣವೂ ದುಃಖಕ್ಕೆ ಕಾರಣವಾಗುತ್ತಿತ್ತು ಎಂದು ವಾದಿಸಿದವನು 14ನೇ ಶತಮಾನದ ಕಾವ್ಯಮೀಮಾಂಸಕ ವಿಶ್ವನಾಥ. ಅವನಿಗಿಂತ ಮೊದಲೇ, 12ನೇ ಶತಮಾನದಲ್ಲಿ, ‘ನಾಟ್ಯದರ್ಪಣ’ದ ರಾಮಚಂದ್ರ-ಗುಣಚಂದ್ರರು ರಸ ಸುಖದುಃಖಗಳೆರಡನ್ನೂ ಒಳಗೊಂಡದ್ದು ಎಂದಿದ್ದರು. ಅವರ ಪ್ರಕಾರ ಕರುಣ ನಿಜಕ್ಕೂ ನೋಯಿಸುತ್ತದೆ. ಹಿತ ಬರುವುದು ಕವಿಯ, ನಟನ ಕೌಶಲದಿಂದ. ಖಾರ ಬಿದ್ದಾಗ ಪಾನಕದ ಸಿಹಿ ಹೆಚ್ಚು ರುಚಿಸುವಂತೆ ಎಂಬ ಹೋಲಿಕೆಯೂ ಅವರದೇ. ಮೆಣಸು, ಶುಂಠಿ ಹಾಕಿದ ರಾಮನವಮಿಯ ಪಾನಕ ಕುಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಇಬ್ಬರ ಮಾತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಡು ಕೇಳಿ ಗಂಟಲು ಕಟ್ಟುವುದು ಸುಳ್ಳಲ್ಲವಲ್ಲ.

ಇನ್ನು ಹಾರ್ಮೋನಿನ ವಿಚಾರ. ಸಂಗೀತ ಸಂಶೋಧಕ ಡೇವಿಡ್ ಹ್ಯೂರನ್ 2011ರಲ್ಲಿ ಒಂದು ಊಹೆ ಮುಂದಿಟ್ಟರು: ಸಂಗೀತ ಕೇಳಿ ದುಃಖವಾಯಿತೆಂದು ದೇಹ ನಂಬಿ, ಸಂತೈಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ; ನಿಜವಾದ ನಷ್ಟ ಇಲ್ಲದ್ದರಿಂದ ಸಾಂತ್ವನ ಮಾತ್ರ ಉಳಿಯುತ್ತದೆ. ಕೇಳಲು ಚೆಂದ, ಹಾಗಾಗಿ ಇದನ್ನು ಸಿದ್ಧವಾದ ಸತ್ಯದಂತೆ ಹೇಳುವವರು ಈಗಲೂ ಇದ್ದಾರೆ. ಆದರೆ ತುವೋಮಾಸ್ ಎರೋಲಾ ಮತ್ತು ಸಂಗಡಿಗರು 62 ಮಹಿಳೆಯರ ರಕ್ತ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ವಿರುದ್ಧ. ಸಹಾನುಭೂತಿ ಹೆಚ್ಚಿರುವವರಲ್ಲಿ, ಸಂಗೀತ ಇಲ್ಲದಿದ್ದಾಗ ಇದ್ದದ್ದಕ್ಕಿಂತ ಶೋಕದ ಸಂಗೀತ ಕೇಳಿದಾಗ ಪ್ರೊಲ್ಯಾಕ್ಟಿನ್ ಕಡಿಮೆಯಿತ್ತು. ಮನಸ್ಸು ಕರಗಿತು, ಹಿತವಾಯಿತು ಎಂದು ಹೆಚ್ಚಾಗಿ ಹೇಳಿದವರೂ ಅವರೇ. ಅಷ್ಟರಲ್ಲಿ ಹ್ಯೂರನ್ ಕೂಡ ವುಓಸ್ಕೋಸ್ಕಿ ಜೊತೆ ಸೇರಿ 2020ರಲ್ಲಿ ಬೇರೆ ವಾದ ಮಂಡಿಸಿದ್ದರು: ಇನ್ನೊಬ್ಬರಿಗಾಗಿ ಮರುಗುವುದರಲ್ಲೇ ಒಂದು ಸುಖವಿದೆ. ನನಗೆ ಒಪ್ಪಿಗೆಯಾಗುವುದು ಈ ವಾದ. ಕಾವ್ಯಮೀಮಾಂಸೆಯವರು ಸಹೃದಯ ಎಂದು ಕರೆದ ಕೇಳುಗನೂ ಇಂಥವನೇ.

ಇಷ್ಟೆಲ್ಲ ಓದಿ ‘ದುಃಖವಾದರೆ ಶೋಕಗೀತೆ ಕೇಳಿ’ ಎಂದು ಎಲ್ಲರಿಗೂ ಸಲಹೆ ಕೊಡುವುದು ಸರಿಯಲ್ಲ. ಗ್ಯಾರಿಡೊ ಮತ್ತು ಶೂಬರ್ಟ್ ಅವರ ಅಧ್ಯಯನಗಳು ಎಚ್ಚರಿಸುವಂತೆ, ಆದದ್ದನ್ನೇ ಮತ್ತೆಮತ್ತೆ ಮೆಲುಕು ಹಾಕುವ ಸ್ವಭಾವದವರಿಗೆ ಇಂಥ ಹಾಡುಗಳು ಇನ್ನಷ್ಟು ಕುಗ್ಗಿಸಬಹುದು. ಹಾಡು ಮುಗಿದ ಮೇಲೆ ಯಾರೊಂದಿಗಾದರೂ ಮಾತಾಡಬೇಕು ಅನ್ನಿಸುತ್ತದೆಯೋ, ಬಾಗಿಲು ಹಾಕಿಕೊಂಡು ಅದನ್ನೇ ಮತ್ತೆ ಹಾಕಬೇಕು ಅನ್ನಿಸುತ್ತದೆಯೋ ಗಮನಿಸಿ. ದಿನಗಟ್ಟಲೆ ಎರಡನೆಯದೇ ಆಗುತ್ತಿದ್ದರೆ ಇಯರ್‌ಫೋನ್ ತೆಗೆದಿಟ್ಟು ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.